ಎಡಕ್ಕೆ ಬಿದ್ದ ಎಸಳು

ನಮ್ಮ ಕೇರಿಯಲ್ಲಿ ಹದಿನೇಳು ಮನೆ. ಅಷ್ಟೂ ಮನೆಯ ಹೆಂಗಸರ ಹೆಸರು ಆ ಸ್ವಾಮಿಗಳಿಗೆ ಬಾಯಿಪಾಠವಿತ್ತು. ಊರಿನ ಒಡೆಯರಿಗೆ ನನ್ನ ಹೆತ್ತ ಅವ್ವಿ ಬರೀ ‘ನಾಗಿ’. ಸ್ವಾಮಿಗಳು ಮೊದಲ ದಿನವೇ ಅವಳನ್ನು ‘ನಾಗಮ್ಮ ತಾಯಿ’ ಎಂದು ಕರೆದರು. ಅರವತ್ತು ದಾಟಿದ ಹೆಂಗಸಿಗೆ ಅಲ್ಲಿಯವರೆಗೆ ಯಾರೂ ‘ಅಮ್ಮ’ ಸೇರಿಸಿ ಕರೆದಿರಲಿಲ್ಲ. ಅವಳು ಅಲ್ಲೇ ಮಾರುಹೋದಳು. ನಾನೂ ಅರ್ಧ ಮಾರುಹೋಗಿದ್ದೆ, ಸುಳ್ಳು ಯಾಕೆ ಹೇಳಲಿ.

ಕಳೆದ ತಿಂಗಳು ಆ ಸ್ವಾಮಿಗಳು ಸತ್ತರು. ಪತ್ರಿಕೆಯವರು ‘ಬ್ರಹ್ಮೈಕ್ಯರಾದರು’ ಎಂದು ಬರೆದಿದ್ದಾರೆ. ನಾನು ಸತ್ತರು ಎಂದೇ ಬರೆಯುತ್ತೇನೆ. ನನ್ನ ಅವ್ವಿಯೂ ಸತ್ತೇ ಹೋದದ್ದು. ಅಂಕೋಲೆಯಿಂದ ಕಾರವಾರದವರೆಗೆ ಎಲ್ಲರ ಮೊಬೈಲಿನಲ್ಲಿ ಅವರದೇ ಚಿತ್ರ. ಜಾತಿಯ ಗೋಡೆ ಕೆಡವಿದವರು, ದಲಿತರ ಕಣ್ಣೀರು ಒರೆಸಿದವರು ಎಂದೆಲ್ಲ. ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಮಾಸ್ತರರೊಬ್ಬರು ಸ್ಮರಣ ಸಂಚಿಕೆ ಮಾಡುತ್ತಿದ್ದಾರಂತೆ. “ಟೀಚರ್, ನಿಮ್ಮ ಕೇರಿಗೆ ಅವ್ರು ಎಷ್ಟು ಸಲ ಬಂದಿದ್ರು. ನೀವು ಬರೀದಿದ್ರೆ ಹ್ಯಾಂಗೆ?” ಎಂದು ಫೋನ್ ಮಾಡಿದರು. ಬರೆಯುತ್ತಿದ್ದೇನೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಸೇರಿದ್ದು.

ನಮ್ಮ ಜಾತಿಯ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಅಗಸೂರಿನಿಂದ ಆಚೆ, ಹೊಳೆಯ ದಂಡೆಯ ಕೇರಿ ಎಂದರೆ ಸಾಕು, ಉಳಿದದ್ದನ್ನು ಓದುವವರು ತಾವೇ ತಿಳಿದುಕೊಳ್ಳುತ್ತಾರೆ. ಆ ವಿದ್ಯೆಯಲ್ಲಿ ನಮ್ಮ ತಾಲೂಕಿನವರು ಹುಷಾರು.

ಸ್ವಾಮಿಗಳ ಒಳ್ಳೆಯದನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಆಮೇಲೆ ನನಗೆ ಪುರುಸೊತ್ತಾಗಲಿಕ್ಕಿಲ್ಲ. ಕೇರಿಗೆ ಬರುವ ದೊಡ್ಡವರು ಅಡಿಗೆಯವನನ್ನೂ ನೀರಿನ ಬಾಟಲಿಯನ್ನೂ ಜೊತೆಗೇ ತರುವುದನ್ನು ನಾವು ನೋಡಿದ್ದೇವೆ. ಇವರು ಹಾಗಲ್ಲ. ಹೆದ್ದಾರಿಯಲ್ಲಿ ಕಾರು ಬಿಟ್ಟು ಗದ್ದೆಯ ಬದುವಿನ ಮೇಲೆ ಬರಿಗಾಲಲ್ಲಿ ನಡೆದು ಬಂದರು. ನಮ್ಮ ಜಗಲಿಯಲ್ಲಿ ಕೂತು ಗಂಜಿ ಕೇಳಿದರು. ಮೀನು ಬೇಯುವ ಮನೆಯಲ್ಲಿ ಸ್ವಾಮಿಗಳಿಗೆ ಬಡಿಸುವುದು ಹೇಗೆಂದು ಅವ್ವಿ ಹೆದರಿ, ಪಾತ್ರೆಗೆ ಹುಣಸೆಹಣ್ಣು, ಬೂದಿ ಹಾಕಿ ಮೂರು ಸಲ ತಿಕ್ಕಿದ್ದಳು. ಅದು ಅವರ ಕಣ್ಣಿಗೆ ಬಿತ್ತು. “ಪಾತ್ರೆ ಸವೆದೀತು ತಾಯಿ. ನಿಮ್ಮ ಗಂಜಿ ಉಂಡರೆ ನಮಗೇನೂ ಆಗುವುದಿಲ್ಲ” ಎಂದು ನಕ್ಕರು. ಎರಡು ಸಲ ಬಡಿಸಿಕೊಂಡರು. ಮಾವಿನ ಮಿಡಿಯನ್ನು ಚೀಪಿ ಚೀಪಿ ತಿಂದರು. ಅದರಲ್ಲಿ ನಾಟಕ ಇರಲಿಲ್ಲ. ನಾಟಕವನ್ನು ನಾನು ಗುರುತಿಸಬಲ್ಲೆ, ಮೂವತ್ತು ವರ್ಷ ಶಾಲೆಯ ಗ್ಯಾದರಿಂಗಿನಲ್ಲಿ ಮಕ್ಕಳಿಂದ ನಾಟಕ ಮಾಡಿಸಿದವಳು.

ಇನ್ನೊಂದು ಸಂಗತಿ. ಸುಂಕಸಾಳದ ಕಡೆಯ ಒಂದು ಶಾಲೆಯಲ್ಲಿ ನಮ್ಮ ಕೇರಿಯ ಹೆಂಗಸೊಬ್ಬಳು ಬಿಸಿಯೂಟ ಮಾಡಲು ಸೇರಿದ್ದಳು. ಅವಳು ಬೇಯಿಸಿದ್ದನ್ನು ಉಣ್ಣಬಾರದೆಂದು ಊರಿನ ಜನ ಮಕ್ಕಳ ಕೈಗೆ ಬುತ್ತಿ ಕೊಟ್ಟು ಕಳಿಸತೊಡಗಿದರು. ಸಾರು ಅನ್ನ ದಿನಾ ಹಾಗೇ ಉಳಿಯುತ್ತಿತ್ತು. ಅಧಿಕಾರಿಗಳು ಬಂದು ಸಭೆ ಮಾಡಿ ಹೋದರು, ಏನೂ ಆಗಲಿಲ್ಲ. ಸ್ವಾಮಿಗಳಿಗೆ ಸುದ್ದಿ ಮುಟ್ಟಿದ ಮರುದಿನ ಯಾರಿಗೂ ತಿಳಿಸದೆ ಶಾಲೆಗೆ ಹೋದರು, ಮಕ್ಕಳ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. “ಬಡಿಸಿ ತಾಯಿ, ಹಸಿವಾಗಿದೆ” ಎಂದರು. ಮಾತು ಅಷ್ಟೇ. ಭಾಷಣ ಇಲ್ಲ, ಶ್ಲೋಕ ಇಲ್ಲ. ಮಾರನೆಯ ದಿನದಿಂದ ಅಷ್ಟೂ ಮಕ್ಕಳು ಉಂಡರು. ಒಂದು ಊಟದಲ್ಲಿ ಮುಗಿಸಿದರು. ಅವರಿಗೆ ಅದು ಆಗುತ್ತಿತ್ತು. ನನ್ನ ಸಿಟ್ಟು ಇರುವುದೇ ಅಲ್ಲಿ. ಕೈಲಾಗದವರ ಮೇಲೆ ನನಗೆ ಸಿಟ್ಟಿಲ್ಲ.

ಅವರಿಗೊಂದು ಅಭ್ಯಾಸವಿತ್ತು. ಯಾರಾದರೂ ಕಷ್ಟದ ಪ್ರಶ್ನೆ ಕೇಳಿದರೆ ಕನ್ನಡಕ ತೆಗೆಯುವರು. ಕಾವಿ ಶಾಲಿನ ಅಂಚಿನಿಂದ ಒಂದು ಗಾಜು ಒರೆಸುವರು, ಬೆಳಕಿಗೆ ಹಿಡಿದು ನೋಡುವರು, ಇನ್ನೊಂದು ಗಾಜು ಒರೆಸುವರು. ಅವರು ಅದನ್ನು ಮತ್ತೆ ಮೂಗಿನ ಮೇಲೆ ಏರಿಸುವ ಹೊತ್ತಿಗೆ ಪ್ರಶ್ನೆ ತಣ್ಣಗಾಗಿರುತ್ತಿತ್ತು. ಪಕ್ಕದವರು ಯಾರೋ ಬೇರೆ ಮಾತು ತೆಗೆದಿರುತ್ತಿದ್ದರು. ಅಷ್ಟರಲ್ಲಿ ಸ್ವಾಮಿಗಳು ನಗುನಗುತ್ತಾ, “ಏನೇ ಮಾಡಿದರೂ ಯಾರ ಮನಸ್ಸೂ ಒಡೆಯಬಾರದು, ಅಷ್ಟೇ ನಮ್ಮ ಆಸೆ” ಎನ್ನುವರು. ಇದು ಅವರ ಕಾಯಂ ಮಾತು. ಯಾರ ಮನಸ್ಸು ಎಂದು ಕೇಳಬೇಕೆಂದು ನನಗೆ ಎಷ್ಟೋ ಸಲ ಅನಿಸಿತ್ತು. ನಮ್ಮದು ಒಡೆದು ಎಷ್ಟು ಕಾಲವಾಯಿತೆಂದರೆ ಅದನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿಯೇ ಇರಲಿಲ್ಲ.

ಈಗ ಗುಡಿಯ ವಿಷಯ.

ನಮ್ಮೂರ ದೇವಿಯ ಗುಡಿಯ ಅಂಗಳದ ಅಂಚಿನಲ್ಲಿ ಒಂದು ಚಪ್ಪಟೆ ಕಲ್ಲಿದೆ. ಅದರಾಚೆ ನಾವು ಕಾಲಿಡುವಂತಿರಲಿಲ್ಲ. ಆದರೆ ದೇವಿಗೆ ಹೂ ತರುವ ಕೆಲಸ ನಮ್ಮದೇ. ಅವ್ವಿ ತನ್ನ ಅತ್ತೆಯಿಂದ ಆ ಕೆಲಸ ವಹಿಸಿಕೊಂಡವಳು. ದಿನಾ ಬೆಳಿಗ್ಗೆ ಗುಡ್ಡ ಹತ್ತಿ ಕೆಂಪು ಕೇಪಳದ ಹೂ ಕೊಯ್ದು, ಬುಟ್ಟಿಯನ್ನು ಆ ಕಲ್ಲಿನ ಮೇಲಿಟ್ಟು ಹಿಂದೆ ಸರಿದು ನಿಲ್ಲುವಳು. ಭಟ್ಟರು ಬಂದು ನೀರು ಚಿಮುಕಿಸಿ ಒಳಗೆ ಒಯ್ಯುವರು. ನಲವತ್ತು ವರ್ಷ ಹೀಗೆ ಹೂ ಕೊಟ್ಟರೂ ಅವಳು ದೇವಿಯ ಮುಖ ಕಂಡಿರಲಿಲ್ಲ. ಮನೆಯಲ್ಲಿ ಅವಳು ಆಡುತ್ತಿದ್ದ ಆಸೆ ಇದೊಂದೇ. “ನಾ ಕೊಟ್ಟ ಹೂ ಅವ್ಳ ಮೈಮೇಲೆ ಹ್ಯಾಂಗೆ ಕಾಣ್ತದೆ, ಒಂದ್ಸಲ ನೋಡ್ಬೇಕಿತ್ತು” ಎನ್ನುವಳು.

ಸುಮಾರು ಹನ್ನೆರಡು ವರ್ಷದ ಹಿಂದೆ, ಕರೆಂಟಿನ ಲೈನ್‌ಮನ್ ಆಗಿದ್ದ ನನ್ನ ತಮ್ಮ ತಹಶೀಲ್ದಾರರಿಗೆ ಒಂದು ಅರ್ಜಿ ಬರೆದ. ಗುಡಿಯೊಳಗೆ ನಮ್ಮನ್ನು ಬಿಡುತ್ತಿಲ್ಲ, ಕಾನೂನಿನ ಪ್ರಕಾರ ಬಿಡಿಸಿಕೊಡಿ ಎಂದು. ಕೇರಿಯವರೆಲ್ಲ ಸಹಿ ಹಾಕಿದರು. ಅರ್ಜಿ ಕೊಡುವ ಮುಂಚೆಯೇ ಸ್ವಾಮಿಗಳು ಬಂದುಬಿಟ್ಟರು. ಗುಡಿಯ ಆಡಳಿತ ನೋಡುವ ಮೊಕ್ತೇಸರರು ಅವರ ಮಠದ ಶಿಷ್ಯರು. ಸುದ್ದಿ ಆ ದಾರಿಯಿಂದ ಹೋಗಿತ್ತು. ನಮ್ಮ ಜಗಲಿಯಲ್ಲಿ ಕೂತು ಅರ್ಜಿಯನ್ನು ತರಿಸಿ ಪೂರ್ತಿ ಓದಿದರು. “ತಪ್ಪು ಒಂದೂ ಇಲ್ಲ. ನೀವು ಕೇಳಿದ್ದು ನ್ಯಾಯ” ಎಂದರು. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಜೋಳಿಗೆಗೆ ಹಾಕಿಕೊಂಡರು. “ಇದು ನಮ್ಮ ಹತ್ತಿರ ಇರಲಿ. ಪೊಲೀಸರು ಬಂದು ತೆಗೆಸಿದ ಬಾಗಿಲಿಗಿಂತ ಪ್ರೀತಿಯಿಂದ ತೆರೆದ ಬಾಗಿಲು ದೊಡ್ಡದು.” ನನ್ನ ತಮ್ಮ ಏನೋ ಹೇಳಲು ಹೋದ. ಅವ್ವಿ ಅವನ ಅಂಗಿ ಹಿಡಿದು ಕೂರಿಸಿದಳು. ಸ್ವಾಮ್ಯೋರು ಹೇಳಿದ ಮೇಲೆ ಮುಗಿಯಿತು.

ಮುಂದಿನ ವಾರ ಗುಡಿಯ ಅಂಗಳದಲ್ಲಿ ಊರು ಸೇರಿತು. ನಾವು ಕಲ್ಲಿನ ಈಚೆ. ಸ್ವಾಮಿಗಳು ಎರಡು ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ದೊಡ್ಡ ಮೊಕ್ತೇಸರರು ಎದ್ದು ಕೈಮುಗಿದು, “ನಮ್ದೇನೂ ಇಲ್ಲ ಸ್ವಾಮಿ. ದೇವಿ ಬರ್ಲಿ ಅಂದ್ರೆ ಬರ್ಲಿ. ಅವ್ಳ ಹತ್ರವೇ ಕೇಳ್ವಾ” ಎಂದರು.

ನಮ್ಮ ಕಡೆ ಗುಡಿಗಳಲ್ಲಿ ಪ್ರಸಾದ ಕೇಳುವುದೆಂದು ಒಂದು ಪದ್ಧತಿ ಇದೆ. ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ದೇವರ ಮೈಯ ಎಡಕ್ಕೊಂದು ಬಲಕ್ಕೊಂದು ಅಂಟಿಸುತ್ತಾರೆ. ಪ್ರಶ್ನೆ ಹೇಳಿ ಕಾಯುತ್ತಾರೆ. ದೇವರ ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಮದುವೆಗೆ, ಬಾವಿ ತೋಡಲು, ಹೊಸ ದೋಣಿ ನೀರಿಗಿಳಿಸಲು, ಎಲ್ಲದಕ್ಕೂ ಜನ ಪ್ರಸಾದ ಕೇಳುತ್ತಾರೆ. ಕೇಳಲಿ, ನನ್ನದೇನೂ ತಕರಾರಿಲ್ಲ. ಆದರೆ ಮನುಷ್ಯರನ್ನು ಮನುಷ್ಯರಂತೆ ಕಾಣಬೇಕೋ ಬೇಡವೋ ಎಂದು ಹೂವನ್ನು ಕೇಳುವುದುಂಟೇ? ಬಿಸಿಯೂಟದ ದಿನ ಅವರು ಯಾವ ಹೂವನ್ನೂ ಕೇಳಿರಲಿಲ್ಲ. ಇಲ್ಲೂ ‘ಬನ್ನಿ ತಾಯಿ’ ಎಂದು ಅವ್ವಿಯ ಕೈಹಿಡಿದು ಕರೆದೊಯ್ಯಬಹುದಿತ್ತು. ಊರು ಒಂದು ಗಳಿಗೆ ಗುರ್ ಎನ್ನುತ್ತಿತ್ತು, ಅಷ್ಟೇ. ಅವರು ಕನ್ನಡಕ ತೆಗೆದು ಒರೆಸಿದರು. “ಹಾಗೇ ಆಗಲಿ. ಅವಳೇ ಹೇಳಲಿ” ಎಂದು ಭಟ್ಟರ ಜೊತೆ ಒಳಗೆ ಹೋದರು.

ನಾವು ನಿಂತಲ್ಲಿಗೆ ಏನೂ ಕಾಣುತ್ತಿರಲಿಲ್ಲ. ಅವತ್ತಿನ ಹೂವೂ ಅವ್ವಿ ತಂದದ್ದೇ. ಎಂದೂ ಇಲ್ಲದಷ್ಟು ಚೆಂದದ ಗೊಂಚಲು ಆರಿಸಿ ತಂದಿದ್ದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ದನಿ ಬಂತು. ಅದು ಬಾಯಿಂದ ಬಾಯಿಗೆ ಅಂಗಳ ದಾಟಿ ನಮ್ಮ ತನಕ ಬಂತು: ಎಡ. ಎಡಕ್ಕೆ ಬಿತ್ತಂತೆ. ಸ್ವಾಮಿಗಳು ಹೊರಗೆ ಬಂದರು, ನೇರ ನಮ್ಮ ಬಳಿ ಬಂದು ಅವ್ವಿಯ ಎದುರು ಕೈಮುಗಿದರು. ಅವರ ಕಣ್ಣು ಒದ್ದೆಯಾಗಿತ್ತು. “ಇನ್ನೂ ಕಾಲ ಕೂಡಿ ಬಂದಿಲ್ಲ ತಾಯಿ” ಎಂದರು. ದಲಿತ ಮಹಿಳೆಯ ಮುಂದೆ ಸ್ವಾಮಿಗಳು ಕಣ್ಣೀರಿಟ್ಟರೆಂದು ಮರುದಿನ ಪತ್ರಿಕೆಯಲ್ಲಿ ಬಂತು, ಚಿತ್ರ ಸಮೇತ.

ಅವರು ಏನು ಮಾಡಿಬಿಟ್ಟರೆಂಬುದು ನನಗೆ ಮನೆಗೆ ಬಂದ ಮೇಲೆ ಅರ್ಥವಾಯಿತು. ಅದುವರೆಗೆ ಅವ್ವಿಯನ್ನು ಬೇಡ ಎಂದವರು ಊರಿನ ಜನ. ಅವರ ಮೇಲೆ ಅವಳು ಸಿಟ್ಟು ಮಾಡುತ್ತಿದ್ದಳು, ಬಾಯಿಗೆ ಬಂದಂತೆ ಬೈಯುತ್ತಿದ್ದಳು. ದೇವಿ ಮಾತ್ರ ತನ್ನವಳೆಂದು ನಂಬಿದ್ದಳು. ಈಗ ಬೇಡ ಎಂದವಳು ದೇವಿ. ಇನ್ನು ಬೈಯುವುದು ಯಾರನ್ನು? ಅವಳು ಹಾಗೇ ಮೆತ್ತಗಾಗಿಬಿಟ್ಟಳು. ಹೂ ಒಯ್ಯುವುದನ್ನು ಮಾತ್ರ ಬಿಡಲಿಲ್ಲ. “ಯಾಕೆ ಒಯ್ತೆ ಇನ್ನೂ?” ಎಂದು ನಾನು ಜೋರು ಮಾಡಿದರೆ, “ನಾ ಬ್ಯಾಡ ಅಂದ್ಳು. ಹೂ ಬ್ಯಾಡ ಅಂತ ಹೇಳ್ಲಿಲ್ಲ ಅಲ್ಲ” ಎಂದಳು. ಆ ಮಾತಿಗೆ ನಾನು ಹಿತ್ತಲಿಗೆ ಹೋಗಿ ಅತ್ತೆ.

ಏಳು ವರ್ಷದ ಮೇಲೆ ತಮ್ಮ ಮತ್ತೊಂದು ಅರ್ಜಿ ಬರೆದ, ಈ ಸಲ ಯಾರಿಗೂ ಹೇಳದೆ ಕೊಟ್ಟು ಬಂದ. ಒಂದು ಬೆಳಿಗ್ಗೆ ತಹಶೀಲ್ದಾರರು, ಪೊಲೀಸರು ಬಂದರು. ಅರ್ಧ ಗಂಟೆಯಲ್ಲಿ ಕೇರಿಯ ಜನ ಕಲ್ಲು ದಾಟಿ ಒಳಗೆ ಹೋಗಿ ಬಂದರು. ಯಾರ ಮನಸ್ಸೂ ಒಡೆಯಲಿಲ್ಲ. ದೊಡ್ಡ ಮೊಕ್ತೇಸರರು ಅವತ್ತು ಮಧ್ಯಾಹ್ನ ಎಂದಿನಂತೆ ಉಂಡು ಮಲಗಿದರು. ಇದು ನಮ್ಮ ಬಹುಕಾಲದ ಕನಸಾಗಿತ್ತು ಎಂದು ಸ್ವಾಮಿಗಳು ಹೇಳಿಕೆ ಕೊಟ್ಟರು. ನನ್ನ ಅವ್ವಿ ಮಾತ್ರ ಒಳಗೆ ಹೋಗಲಿಲ್ಲ. ತಮ್ಮ ಅವಳ ಕೈಹಿಡಿದು ಎಳೆದ, ಮೊಮ್ಮಕ್ಕಳು ಕರೆದರು. “ಪೊಲೀಸ್ರು ಹೋಗು ಅಂದ್ರೆ ಆಯ್ತಾ? ಮನೆಯವ್ಳೇ ಬ್ಯಾಡ ಅಂದದಾಳೆ. ನಾ ಹೋಗೂದಿಲ್ಲ” ಎಂದು ಕಲ್ಲಿನ ಈಚೆ ಕೂತೇ ಇದ್ದಳು.

ನಾನು ಒಳಗೆ ಹೋದೆ. ಭಕ್ತಿಯಿಂದಲ್ಲ, ಹಟದಿಂದ. ದೇವಿಯನ್ನು ನೋಡಿದೆ. ಅವಳ ಎಡಗಡೆ, ಒಂದು ಗೇಣು ದೂರದಲ್ಲಿ ಹಿತ್ತಾಳೆಯ ಕಾಲುದೀಪದಲ್ಲಿ ನಂದಾದೀಪ ಉರಿಯುತ್ತಿತ್ತು. ಹತ್ತಿರ ಕೈಯೊಡ್ಡಿದರೆ ಕಾವು ತಾಗುವಷ್ಟು ದೊಡ್ಡ ಬತ್ತಿ. ನಾನು ಏಳನೇ ತರಗತಿಗೆ ವಿಜ್ಞಾನ ಕಲಿಸಿದವಳು. ನೀರಿನಿಂದ ಅಂಟಿದ ಎಸಳು ನೀರು ಆರಿದಾಗ ಬೀಳುತ್ತದೆ. ಕಾವು ಇದ್ದ ಕಡೆ ಮೊದಲು ಆರುತ್ತದೆ. ಇದಕ್ಕೆ ದೇವಿಯೂ ಬೇಡ, ಸ್ವಾಮಿಯೂ ಬೇಡ.

ಭಟ್ಟರಿಗೆ ಆಗಲೇ ಎಂಬತ್ತು. ನಾನು ದೀಪವನ್ನೇ ನೋಡುತ್ತಿದ್ದದ್ದು ಅವರಿಗೆ ತಿಳಿಯಿತು. ನಾನು ಕೇಳುವ ಮೊದಲೇ ಹೇಳಿದರು. “ಹೌದು ಟೀಚರ್. ಹೌದು ಅನ್ನೂದು ಬೇಕಾದ ದಿನ ದೀಪ ಆಚೆ ಸರಿಸ್ತೆವು. ಅದು ನಮ್ಮ ಅಪ್ಪನ ಕಾಲದಿಂದ ಇದ್ದದ್ದೇ. ಅವತ್ತೂ ನಾ ಕೇಳ್ದೆ, ದೀಪ ಸರಿಸ್ಲಾ ಸ್ವಾಮಿ ಅಂತ. ಇದ್ದ ಹಾಗೇ ಇರ್ಲಿ ಅಂದ್ರು.”

ಆ ಮುದುಕರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಕೇಳಿದ್ದರು. ಕೇಳಿದ್ದೇ ದೊಡ್ಡದು.

ಮನೆಗೆ ಬಂದು ಅವ್ವಿಗೆ ಎಲ್ಲ ಹೇಳಿದೆ. ದೀಪ, ಕಾವು, ನೀರು. ಚಿತ್ರ ಬರೆದು ತೋರಿಸಿದೆ. ಅವಳು ಕೇಳಿಸಿಕೊಂಡು, “ನಿಂಗೆ ದೇವ್ರು ದಿಂಡ್ರು ಇಲ್ಲ. ನೀ ಹೇಳಿದ್ರೆ ನಾ ನಂಬೂದಾ? ಸ್ವಾಮ್ಯೋರು ಹೇಳ್ಲಿ” ಎಂದಳು. ಅವಳಿಗೆ ಎಪ್ಪತ್ತು ದಾಟಿ ಎಷ್ಟೋ ಆಗಿತ್ತು, ಗುಡ್ಡ ಹತ್ತುವಾಗ ಏದುಸಿರು ಬರುತ್ತಿತ್ತು. ಇನ್ನು ಕಾಯುವ ಹಾಗಿರಲಿಲ್ಲ. ಸ್ವಾಮಿಗಳು ಕಾರವಾರದಲ್ಲಿ ಶಿಷ್ಯರೊಬ್ಬರ ಮನೆಯಲ್ಲಿ ಮೊಕ್ಕಾಂ ಮಾಡಿದ್ದಾರೆಂದು ತಿಳಿದು ರಜೆ ಹಾಕಿ ಹೋದೆ.

ಅವರೂ ಸೋತಿದ್ದರು. ಕಾಲು ಊದಿಕೊಂಡು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ನೋಡಿದ ತಕ್ಷಣ ಗುರುತು ಹಿಡಿದು, “ನಾಗಮ್ಮನ ಮಗಳಲ್ಲವೇ? ತಾಯಿ ಹೇಗಿದ್ದಾರೆ?” ಎಂದರು. ನಾನು ಪೀಠಿಕೆ ಹಾಕಲಿಲ್ಲ. “ಸ್ವಾಮೀಜಿ, ಎಡಗಡೆ ದೀಪ ಇದ್ದದ್ದು ತಮಗೆ ಗೊತ್ತಿತ್ತಾ?” ಎಂದು ಕೇಳಿದೆ.

ಕನ್ನಡಕ ತೆಗೆದರು. ಒಂದು ಗಾಜು ಒರೆಸಿದರು, ಬೆಳಕಿಗೆ ಹಿಡಿದರು, ಇನ್ನೊಂದು ಒರೆಸಿದರು. ನಾನು ಕಾದೆ. ಉತ್ತರ ಬಾರದ ಮಕ್ಕಳ ಮುಂದೆ ಕಾಯುವುದೇ ನನ್ನ ಉದ್ಯೋಗವಾಗಿತ್ತು. ಕೋಣೆಯಲ್ಲಿ ಬೇರೆ ಮಾತು ತೆಗೆಯುವವರು ಯಾರೂ ಇರಲಿಲ್ಲ.

“ಗೊತ್ತಿತ್ತು” ಎಂದರು.

“ಮತ್ತೆ ಸರಿಸಲಿಲ್ಲ ಯಾಕೆ?”

“ಬಲಕ್ಕೆ ಬಿದ್ದಿದ್ದರೆ ಅವರು ಒಪ್ಪುತ್ತಿರಲಿಲ್ಲ, ಏನಾದರೊಂದು ನೆವ ತೆಗೆಯುತ್ತಿದ್ದರು. ಊರು ಎರಡಾಗುತ್ತಿತ್ತು. ಎಡಕ್ಕೆ ಬಿದ್ದರೆ ನೀವು ಒಪ್ಪುತ್ತೀರಿ ಎಂದು ನಮಗೆ ಗೊತ್ತಿತ್ತು.”

ಇಷ್ಟು ನಿಜವಾದ ಮಾತನ್ನು ಅವರ ಬಾಯಿಂದ ನಾನು ಮತ್ತೆಂದೂ ಕೇಳಿಲ್ಲ. ಅವರು ಅದನ್ನು ಹೆಮ್ಮೆಯಿಂದಲೂ ಹೇಳಲಿಲ್ಲ, ನಾಚಿಕೆಯಿಂದಲೂ ಹೇಳಲಿಲ್ಲ. ಗಂಜಿ ಉಂಡವರು, ಹೆಸರು ನೆನಪಿಟ್ಟವರು, ನಾವು ಎಂಥ ಜನ ಎಂದು ಚೆನ್ನಾಗಿ ತಿಳಿದುಕೊಂಡಿದ್ದರು. ತಿಳಿದದ್ದನ್ನು ಹೀಗೆ ಬಳಸಿದರು. ಬಾಗುವವರನ್ನು ಬಾಗಿಸುವುದು ಸುಲಭ.

ನಾನು ಮೊಬೈಲ್ ಹೊರಗೆ ತೆಗೆದೆ. “ಆದದ್ದಾಯ್ತು. ಈಗ ಅವ್ವಿಗೆ ಫೋನ್ ಹಚ್ಚಿಕೊಡ್ತೆ. ಅದು ದೀಪದ ಕಾವು, ದೇವಿ ನಿನ್ನ ಬೇಡ ಅನ್ನಲಿಲ್ಲ ಅಂತ ಒಂದೇ ಮಾತು ಹೇಳಿ. ಮತ್ತೆ ಯಾರಿಗೂ ಹೇಳೂದು ಬೇಡ” ಎಂದೆ. ಬೇಡಿಕೊಂಡೆ ಎಂದೇ ಬರೆಯಬೇಕು.

ಅವರು ಮೊಬೈಲನ್ನು ನೋಡಿದರು. ಆಗದು ಎಂದು ತಲೆಯಾಡಿಸಿದರು. “ಇವತ್ತು ಅವರೊಬ್ಬರಿಗೆ ಹೇಳಿದರೆ ನಾಳೆ ಇಡೀ ಸೀಮೆಗೆ ಗೊತ್ತಾಗುತ್ತದೆ. ಪ್ರಸಾದದ ಮೇಲೆ ನಂಬಿಕೆ ಇಟ್ಟವರು ಎಷ್ಟು ಸಾವಿರ ಜನ. ಎಷ್ಟು ಮನಸ್ಸು ಒಡೆಯುತ್ತದೆ, ನೀವೇ ಯೋಚಿಸಿ.” ಪಕ್ಕದ ತಟ್ಟೆಯಿಂದ ಮಂತ್ರಾಕ್ಷತೆಯ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. “ತಾಯಿಗೆ ಕೊಡಿ. ನಮ್ಮ ಆಶೀರ್ವಾದ ಸದಾ ಇದೆ.”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಹಟ್ಟಿಕೇರಿ ಸೇತುವೆಯ ಮೇಲೆ ಆ ಪೊಟ್ಟಣವನ್ನು ನೀರಿಗೆಸೆಯಲು ಕೈ ಹೊರಗೆ ಚಾಚಿದ್ದೂ ಹೌದು. ಎಸೆಯಲಿಲ್ಲ. ಬಾಳೆಗುಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಮನೆ ಮುಟ್ಟುವಾಗ ಸಂಜೆ. ಅವ್ವಿ ಜಗಲಿಯಲ್ಲಿ ಕೂತು ಕಾಯುತ್ತಿದ್ದಳು.

“ಎಂತ ಹೇಳಿದ್ರು?”

ಜೀವಮಾನವಿಡೀ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವಳು ನಾನು. ಪೊಟ್ಟಣವನ್ನು ಅವಳ ಕೈಗೆ ಕೊಟ್ಟೆ. “ಅದು ದೀಪದ ಕಾವಂತೆ. ದೇವಿ ಬ್ಯಾಡ ಅನ್ಲಿಲ್ಲ, ನಮ್ದೇ ತಪ್ಪಾಯ್ತು ಅಂದ್ರು. ನಾಗಮ್ಮ ತಾಯಿ ಹೋಗಿ ನೋಡ್ಲಿ ಅಂದ್ರು. ಇದ ಕೊಟ್ಟು ಕಳ್ಸಿದ್ರು.”

“ಅವ್ರೇ ಅಂದ್ರಾ?”

“ಅವ್ರೇ.”

ಅವಳು ಪೊಟ್ಟಣ ಬಿಚ್ಚಿ ಅಕ್ಕಿಕಾಳನ್ನು ತಲೆಗೆ ಹಾಕಿಕೊಂಡಳು. ನನ್ನ ತಲೆಗೂ ಹಾಕಿದಳು. ನಾನು ಬೇಡ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಹೊಸ ಸೀರೆ ಉಟ್ಟು, ಬುಟ್ಟಿಯನ್ನು ಕಲ್ಲಿನ ಮೇಲಿಡದೆ ಕೈಯಲ್ಲೇ ಹಿಡಿದು ಒಳಗೆ ಹೋದಳು. ನಾನು ಹಿಂದೆ ಇದ್ದೆ. ದೇವಿಯ ಮುಂದೆ ನಿಂತು ಕೈಮುಗಿಯುವುದನ್ನೂ ಮರೆತು ನೋಡಿದಳು. “ಇಷ್ಟು ಸಣ್ಣ ಮುಖವಾ?” ಎಂದು ನನ್ನನ್ನು ಕೇಳಿದಳು. ಆಮೇಲೆ ಭಟ್ಟರ ಕಡೆ ತಿರುಗಿ, “ಭಟ್ರೆ, ಆ ದೀಪ ಒಂಚೂರು ಆಚೆಗಿಡಿ, ಹೂ ಬಾಡ್ತದೆ” ಎಂದಳು. ಭಟ್ಟರು ಸರಿಸಿದರು.

ಅದಾದ ಮೇಲೆ ಅವಳು ಮೂರು ವರ್ಷ ಬದುಕಿದ್ದಳು. ಸ್ವಾಮಿಗಳ ಫೋಟೋ ತರಿಸಿ ಗೋಡೆಗೆ ಹಾಕಿಸಿದಳು, ದಿನಾ ಅದಕ್ಕೊಂದು ಕೇಪಳ ಸಿಕ್ಕಿಸುವಳು. ಬಂದವರಿಗೆಲ್ಲ ಹೇಳುವಳು: ತಪ್ಪಾಯ್ತು ಅಂತ ನನ್ನಂಥವಳಿಗೆ ಹೇಳಿ ಕಳಿಸಿದ ಸ್ವಾಮಿ ಇವರೊಬ್ಬರೇ, ಇಂಥವರು ಇನ್ನು ಹುಟ್ಟೂದಿಲ್ಲ. ಈಗ ಕೇರಿಯ ಮಕ್ಕಳೂ ಅದನ್ನೇ ಹೇಳುತ್ತವೆ, ಸ್ವಾಮಿಗಳು ತಪ್ಪೊಪ್ಪಿಕೊಂಡು ನಾಗಜ್ಜಿಯನ್ನು ಗುಡಿಯೊಳಗೆ ಕಳಿಸಿದರೆಂದು. ಮಕ್ಕಳಿಗೆ ಹೇಳಿದವಳು ಅವ್ವಿ. ಅವ್ವಿಗೆ ಹೇಳಿದವಳು ನಾನು.